ಲಿಂಗಪೂಜೆ, ಹತ್ತು ದಿನದ ಮೌನ, ಬೀದರಿನ ಲಂಗರ್, ಅಮಾವಾಸ್ಯೆ ಭಜನೆ: ನಾನು ಮಾಡಿ ನೋಡಿದ್ದು

ಅಪ್ಪ ತೀರಿಕೊಂಡ ವರ್ಷ ನನಗೆ ಪೂಜೆಗೆ ಕೂರಲು ಆಗಲಿಲ್ಲ. ಬೆಳಿಗ್ಗೆ ಸ್ನಾನ, ವಿಭೂತಿ, ಎಡ ಅಂಗೈ ಮೇಲೆ ಇಷ್ಟಲಿಂಗ, ಇಪ್ಪತ್ತು ನಿಮಿಷ ಅದರ ಮೇಲೆಯೇ ಕಣ್ಣು. ಎಂಟನೇ ವಯಸ್ಸಿನಲ್ಲಿ ಪಕ್ಕ ಕೂರಿಸಿಕೊಂಡು ಇದನ್ನು ಕಲಿಸಿದವರೇ ಅಪ್ಪ. ಈಗ ಲಿಂಗ ಹಿಡಿದು ಕೂತರೆ ಕಾಣುವುದು ಅವರ ಕೈ. ಬಿಟ್ಟುಬಿಡಲೂ ಮನಸ್ಸಿಲ್ಲ. ಹಾಗಾಗಿ ಮೂರು ವರ್ಷ ಬೇರೆ ಬೇರೆ ಕಡೆ ಹೋಗಿ ಕೂತೆ. ಕಲಬುರಗಿಯಲ್ಲಿ ಇಂಥ ಹುಡುಕಾಟದಲ್ಲಿರುವ ಸುಮಾರು ಜನ ಸಿಗುತ್ತಾರೆ, "ಯಾವುದು ಚಲೋ?" ಅಂತ ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

"ಮನಿ ದೇವ್ರು ಸಾಲಲಿಲ್ಲೇನಪಾ ನಿನಗ?" ಅಂತ ಅವ್ವ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಮೊದಲು ಹೋದದ್ದು ಗೋಯೆಂಕಾ ಅವರ ಪದ್ಧತಿಯ ವಿಪಶ್ಯನ ಧ್ಯಾನದ ಶಿಬಿರಕ್ಕೆ, ಹೈದರಾಬಾದ್ ಕಡೆ. ಹತ್ತು ದಿನ ಮಾತಿಲ್ಲ, ಮೊಬೈಲ್ ಇಲ್ಲ, ಪುಸ್ತಕ ಪೆನ್ನು ಇಲ್ಲ. ಶುಲ್ಕವೂ ಇಲ್ಲ, ಮುಗಿಸಿದವರು ಮನಸ್ಸಿದ್ದರೆ ಕೊಡಬಹುದು. ಬೆಳಗಿನ ನಾಲ್ಕಕ್ಕೆ ಗಂಟೆ ಹೊಡೆಯುತ್ತದೆ, ದಿನಕ್ಕೆ ಹತ್ತು ತಾಸಿನಷ್ಟು ಬರೀ ಕೂರುವುದು. ಜಪಮಾಲೆ, ತಾಯತ ಒಳಗೆ ಒಯ್ಯುವಂತಿಲ್ಲ, ಬೇರೆ ಪೂಜೆಯನ್ನೂ ಅಷ್ಟು ದಿನ ನಿಲ್ಲಿಸಬೇಕು. ಹೆಸರು ಬರೆಸುವ ಟೇಬಲ್ಲಿನ ಮುಂದೆ ನಿಂತು ಶಿವದಾರವನ್ನು ಕೊರಳಿಂದ ತೆಗೆದೆ. ಅದರಲ್ಲಿದ್ದ ಲಿಂಗದ ಬೆಳ್ಳಿಯ ಕರಡಿಗೆ ಇನ್ನೂ ಮೈಬಿಸಿಗೆ ಬೆಚ್ಚಗಿತ್ತು. ಬಟ್ಟೆ ಚೀಲದಲ್ಲಿ ಹಾಕಿ, ಚೀಟಿ ಕಟ್ಟಿ, ಮೊಬೈಲ್ ಜೊತೆ ಒಳಗಿಟ್ಟರು. ಲಿಂಗ ಮೈಯಿಂದ ಬೇರೆಯಾಗಬಾರದು ಅಂತ ಕೇಳಿಕೊಂಡೇ ಬೆಳೆದವನು ನಾನು. ಹತ್ತೂ ದಿನ ಕೈ ತಾನಾಗಿ ಎದೆ ಮುಟ್ಟಿ ನೋಡಿಕೊಳ್ಳುತ್ತಿತ್ತು.

ಮೂರು ದಿನ ಮೂಗಿನ ಹತ್ತಿರ ಉಸಿರು ನೋಡುವುದು, ನಾಲ್ಕನೇ ದಿನದಿಂದ ಇಡೀ ಮೈ. ಆಮೇಲೆ ದಿನಕ್ಕೆ ಮೂರು ಸಲ, ಒಂದೊಂದು ತಾಸು, ಕೈಕಾಲು ಅಲುಗಿಸದೆ, ಕಣ್ಣು ತೆರೆಯದೆ ಕೂರಬೇಕು. ಆರನೇ ದಿನ ಮೊಣಕಾಲು ಉರಿಯುತ್ತಿತ್ತು. ನೋಡುತ್ತಾ ಕೂತೆ. ಉರಿ ಏರಿತು, ಇಳಿಯಿತು. ಅದರ ಹಿಂದೆಯೇ ಅಪ್ಪನ ನೆನಪು ಬಂದು ಗಂಟಲು ಕಟ್ಟಿತು. ಅದೂ ಹಾಗೇ ಬಂತು, ಇತ್ತು, ಹೋಯಿತು. ಮೊದಲ ಸಲ ನಾನು ಅದನ್ನು ತಡೆಯಲೂ ಇಲ್ಲ, ಅದರ ಹಿಂದೆ ಓಡಲೂ ಇಲ್ಲ.

ಲಿಂಗಪೂಜೆಗೂ ಇದಕ್ಕೂ ವ್ಯತ್ಯಾಸ ಹೀಗೆ: ಅಲ್ಲಿ ಮನಸ್ಸಿಗೆ ಹಿಡಿದುಕೊಳ್ಳಲು ಒಂದು ಜಾಗ ಇದೆ, ಇಲ್ಲಿ ಹಿಡಿದದ್ದನ್ನೆಲ್ಲ ಬಿಡಿಸುತ್ತಾರೆ. ಮನಸ್ಸು ಚೆಲ್ಲಾಪಿಲ್ಲಿಯಾಗಿದ್ದರೆ ಲಿಂಗವೇ ವಾಸಿ. ಒಳಗೆ ಹಳೆಯ ಸಿಟ್ಟೋ ದುಃಖವೋ ಕೂತಿದ್ದರೆ ವಿಪಶ್ಯನ ಇನ್ನೂ ಆಳಕ್ಕೆ ಹೋಗುತ್ತದೆ. ಆದರೆ ಮನೆಗೆ ಬಂದ ಮೇಲೆ ಬೆಳಿಗ್ಗೆ ಒಂದು ತಾಸು, ಸಂಜೆ ಒಂದು ತಾಸು ಕೂರಬೇಕು ಅನ್ನುತ್ತಾರೆ. ನೌಕರಿ, ಮನೆ, ನಮ್ಮೂರಿನ ಮೇ ತಿಂಗಳ ಬಿಸಿಲು. ನಾಲ್ಕು ತಿಂಗಳು ನಡೆಸಿದೆ. ಭಾನುವಾರ ಬುದ್ಧ ವಿಹಾರಕ್ಕೆ ಹೋಗಿ ಕೂರುತ್ತಿದ್ದೆ, ಆಮೇಲೆ ಅದೂ ತಪ್ಪಿತು.

ಬೀದರಿನ ಸಿಖ್ಖರ ಗುರುದ್ವಾರ ಗುರು ನಾನಕ್ ಝೀರಾ ಇದಕ್ಕೆ ಪೂರ್ತಿ ಉಲ್ಟಾ. ಅಲ್ಲಿ ಸುಮ್ನೆ ಕೂರುವುದಕ್ಕಿಂತ ಕೆಲಸವೇ ಜಾಸ್ತಿ. 2017ರಲ್ಲಿ ಹುಮನಾಬಾದ್ ಮೇಲೆ ರೈಲು ಶುರುವಾದ ಮೇಲೆ ಕಲಬುರಗಿಯಿಂದ ಹೋಗಿ ಬರುವುದು ಸಲೀಸಾಗಿದೆ. ಗುರು ನಾನಕರು ಬಂದಾಗ ಬಂಡೆಯಡಿ ಸಿಹಿನೀರು ಚಿಮ್ಮಿತು ಅನ್ನುವ ನಂಬಿಕೆ ಇರುವ ಜಾಗ. 1699ರಲ್ಲಿ ಸಿಖ್ಖರ ಹತ್ತನೇ ಗುರು ಗೋಬಿಂದ್ ಸಿಂಗರು ಧರ್ಮಕ್ಕಾಗಿ ತಲೆ ಕೊಡುವವರು ಯಾರು ಅಂತ ಕೇಳಿದಾಗ ಎದ್ದು ನಿಂತ ಐವರಲ್ಲಿ ಭಾಯಿ ಸಾಹಿಬ್ ಸಿಂಗ್ ಇದೇ ಬೀದರಿನವರು, ಕ್ಷೌರದ ಕಾಯಕದವರು. ಅದನ್ನು ಕೇಳಿದಾಗ ನನಗೆ ನಮ್ಮ ಶರಣರೇ ನೆನಪಾದರು.

ತಲೆಗೆ ಬಟ್ಟೆ ಕಟ್ಟಿಕೊಂಡು, ಎಲ್ಲರಿಗೂ ಊಟ ಬಡಿಸುವ ಲಂಗರ್‌ನಲ್ಲಿ ನೆಲದ ಮೇಲೆ ಕೂತೆ. ರೊಟ್ಟಿ ಬಂದಾಗ ಒಂದು ಕೈ ಚಾಚಿದೆ. ಬಡಿಸುತ್ತಿದ್ದ ಹಿರಿಯರು ನಕ್ಕು, ಎರಡೂ ಕೈ ಜೋಡಿಸಿ ಹಿಡಿ ಅಂತ ಸನ್ನೆ ಮಾಡಿದರು. ಬಿಸಿ ರೊಟ್ಟಿ ಎರಡು ಅಂಗೈ ಮೇಲೆ ಬಂದು ಕೂತಿತು. ನಮ್ಮೂರಿನ ಶರಣಬಸವೇಶ್ವರರು ದಾಸೋಹಕ್ಕೇ ಹೆಸರಾದವರು, ಅಲ್ಲಿ ಚಿಕ್ಕಂದಿನಿಂದ ಉಂಡಿದ್ದೇನೆ. ಆದರೆ ಉಂಡವರ ತಟ್ಟೆ ತಿಕ್ಕಿದ್ದು ಮೊದಲ ಸಲ ಬೀದರಿನಲ್ಲೇ. ಎರಡು ತಾಸು ತಟ್ಟೆ ತೊಳೆದ ದಿನ ರಾತ್ರಿ ಬಂದ ನಿದ್ದೆ ಯಾವ ಧ್ಯಾನದಿಂದಲೂ ಬಂದಿರಲಿಲ್ಲ. ತಿಂಗಳಿಗೆ ಒಂದು ಸಲ ಹೋದರೆ ಸಾಕು. ಆದರೆ ಒಳಗಿನ ಪ್ರಶ್ನೆಗೆ ಅಲ್ಲಿ ನನಗೆ ಉತ್ತರ ಸಿಗಲಿಲ್ಲ. ಅಲ್ಲಿ ಹಾಡುವ ಗುರುಗಳ ಪದ, ಗುರ್ಬಾನಿಯ ಭಾಷೆ ನನಗೆ ಬಾರದು, ಅದೂ ಒಂದು ಕಾರಣ.

ಖ್ವಾಜಾ ಬಂದೇನವಾಜರ ದರ್ಗಾಕ್ಕೂ ಗುರುವಾರ ಹೋದೆ. 1422ರಲ್ಲಿ ತೀರಿಕೊಂಡ ಸೂಫಿಯ ಅಂಗಳದಲ್ಲಿ ಇವತ್ತಿಗೂ ಎಲ್ಲ ಜಾತಿಯವರು ಸಂಕಟ ಹೇಳಿಕೊಂಡು ಕೂರುತ್ತಾರೆ. ಮನಸ್ಸು ಹಗುರಾಗುತ್ತದೆ, ನಿಜ. ಅದನ್ನು ನನ್ನ ದಿನದ ದಾರಿ ಮಾಡಿಕೊಳ್ಳಲು ಆಗಲಿಲ್ಲ.

ಕೊನೆಗೆ ಉಳಿದದ್ದು ನಾನು ಲೆಕ್ಕಕ್ಕೇ ಇಟ್ಟಿರದ ಒಂದು. ಜೇವರ್ಗಿ ಕಡೆ ಸೋದರಮಾವನ ಊರಿನಲ್ಲಿ ಅಮಾವಾಸ್ಯೆ ರಾತ್ರಿ ತತ್ವಪದದ ಭಜನೆ. ಏಕತಾರಿ, ದಮ್ಮಡಿ, ತಾಳ. "ಕೂಡ್ರು ಅಳಿಯಾ, ಹಾಡು ಬರದಿದ್ರ ತಾಳರ ಹಿಡಿ" ಅಂದರು ಮಾವ. ಕಡಕೋಳ ಮಡಿವಾಳಪ್ಪನವರ ಪದ, ಆಮೇಲೆ ಅವರ ಶಿಷ್ಯ ಚನ್ನೂರ ಜಲಾಲಸಾಹೇಬರ ಪದ. ಮಠದ ಗುರುವಿಗೆ ಮುಸ್ಲಿಂ ಶಿಷ್ಯ. ನಾನು ಮೂರು ವರ್ಷ ಊರೂರು ಅಲೆದು ಹುಡುಕಿದ್ದು ನಮ್ಮ ಮಣ್ಣಿನಲ್ಲೇ ಹಾಡಾಗಿತ್ತು.

ಹಾಡುತ್ತಿದ್ದ ಅಜ್ಜ ಒಂದು ಸಾಲಿಗೆ ನಿಲ್ಲಿಸಿ "ಇದರರ್ಥ ಯಾರ್ ಹೇಳ್ತೀರಿ?" ಅಂದ. ಮೈ ಅಂದರೆ ಮನೆ, ಒಂಬತ್ತು ಬಾಗಿಲು, ಒಳಗಿದ್ದವನು ಯಾರು? ಒಬ್ಬ ಒಂದು ಹೇಳಿದ, ಇನ್ನೊಬ್ಬ ಒಪ್ಪಲಿಲ್ಲ. ಅರ್ಧ ತಾಸು ವಾದ. ಆಮೇಲೆ ಸುಸ್ಲಾ, ಚಹಾ, ಮತ್ತೆ ಅದೇ ಸಾಲು. ಎರಡನೇ ಸಲ ಹಾಡುವಾಗ ನನಗೆ ಅಳು ಬಂತು. ಯಾರೂ ಏನೂ ಕೇಳಲಿಲ್ಲ. ಪಕ್ಕದವರು ನನ್ನ ಕೈಯಿಂದ ತಾಳ ತೆಗೆದುಕೊಂಡು ಬಾರಿಸಿದರು, ನಾನು ಸುಧಾರಿಸಿಕೊಂಡಾಗ ಮತ್ತೆ ಕೊಟ್ಟರು.

ಬೆಳಿಗ್ಗೆ ಮಾವ ಸ್ನಾನ ಮಾಡಿ ಪೂಜೆಗೆ ಕೂತರು. ನಾನೂ ಪಕ್ಕದಲ್ಲಿ ಕೂತು ಲಿಂಗ ತೆಗೆದೆ.

ನನ್ನನ್ನು ಕೇಳಿದರೆ, ದುಃಖ ಹಸಿಯಾಗಿದ್ದಾಗ ಒಬ್ಬರೇ ಕೂರುವ ದಾರಿಗೆ ಮೊದಲೇ ಹೋಗಬೇಡಿ. ನಾಲ್ಕು ಜನರ ನಡುವೆ ಹಾಡಿರಿ, ತಟ್ಟೆ ತೊಳೆಯಿರಿ, ಆಮೇಲೆ ಹತ್ತು ದಿನದ ಮೌನಕ್ಕೆ ಹೋಗಿ. ನಾನು ತಲೆಕೆಳಗಾಗಿ ಮಾಡಿದೆ. ಈಗ ದಿನಾ ಹತ್ತು ನಿಮಿಷ ಲಿಂಗಪೂಜೆ, ತಿಂಗಳಿಗೊಂದು ಭಜನೆ.

ಈ ಅಮಾವಾಸ್ಯೆಗೆ ಅವ್ವನೂ ಬರುತ್ತೇನೆ ಅಂದಿದ್ದಾಳೆ. ನೆಲದ ಮೇಲೆ ಅವಳಿಗೆ ಕೂರಲು ಆಗುವುದಿಲ್ಲ, ಒಂದು ಕುರ್ಚಿ ತರಿಸಿಡಲು ಮಾವನಿಗೆ ಹೇಳಿದ್ದೇನೆ.