ಐರ್ಲೆಂಡ್ ಲಕ್ಷುರಿ ಕೋಚ್ ಟೂರ್‌ಗೆ ದುಡ್ಡು ಕಟ್ಟುವ ಮುಂಚೆ ಇದನ್ನೊಂದು ಸಲ ಓದಿ

ಕಳೆದ ಸೆಪ್ಟೆಂಬರ್‌ನಲ್ಲಿ ಅಕ್ಕ ಮತ್ತು ನಾನು ಐರ್ಲೆಂಡಿಗೆ ಹೋಗಿ ಬಂದೆವು. 9 ದಿನ, 8 ರಾತ್ರಿ, ಲಕ್ಷುರಿ ಕೋಚ್, ಜೊತೆಗೆ ಗೈಡ್. ತಲೆಗೆ 3,90,000 ರೂಪಾಯಿ. ಹೋಗಿ ಬಂದೆವು ಅಂದೆ, ನೋಡಿ ಬಂದೆವು ಅನ್ನಲಿಲ್ಲ. ಈ ಬರಹ ಆ ಎರಡರ ನಡುವಿನ ವ್ಯತ್ಯಾಸದ ಬಗ್ಗೆ.

ಕಂಪನಿ ಹೆಸರು ಹಾಕುವುದಿಲ್ಲ. ದೂರು ನಡೆಯುತ್ತಿದೆ, ಸುಮ್ನೆ ಯಾಕೆ ತಲೆನೋವು. ಅದೂ ಅಲ್ಲದೆ ವಾಪಸ್ ಬಂದ ಮೇಲೆ ಹಟಕ್ಕೆ ಬಿದ್ದು ಬೇರೆ ನಾಲ್ಕೈದು ಕಡೆಯ ಬ್ರೋಶರ್ ತರಿಸಿ ಓದಿದೆ. ಭಾಷೆ ಎಲ್ಲ ಕಡೆ ಅದೇ.

ನಾನು ಬ್ಯಾಂಕಿನಲ್ಲಿ 34 ವರ್ಷ ಕೆಲಸ ಮಾಡಿದವಳು. ಸಾಲದ ಪತ್ರದಲ್ಲಿ ಸಣ್ಣ ಅಕ್ಷರ ಓದಿ ಎಂದು ಊರಿಗೆಲ್ಲ ಹೇಳಿದವಳು. ನನ್ನ ಸರದಿ ಬಂದಾಗ ಹಸಿರು ಗುಡ್ಡ, ಕುರಿ, ಹಳೇ ಕೋಟೆ ಫೋಟೋ ನೋಡಿ ಕರಗಿಹೋದೆ. ಅಕ್ಕನಿಗೆ 68, ಮೊಣಕಾಲು ನೋವು. ರೈಲು ಹುಡುಕುವುದು, ಸೂಟ್‌ಕೇಸ್ ಎಳೆಯುವುದು ಬೇಡ, ಕೂತಲ್ಲಿಂದ ಎಲ್ಲ ತೋರಿಸುತ್ತಾರೆ ಅಂತ ಒಪ್ಪಿಕೊಂಡೆವು. ಕೂತಲ್ಲಿಂದಲೇ ತೋರಿಸಿದರು. ಆ ಮಟ್ಟಿಗೆ ಮಾತು ಉಳಿಸಿಕೊಂಡರು!

ಮೊದಲನೇ ದಿನವೇ ಅನುಮಾನ ಬರಬೇಕಿತ್ತು. 'ಸಣ್ಣ ಗುಂಪು' ಅಂದಿದ್ದರು. ಡಬ್ಲಿನ್ ವಿಮಾನ ನಿಲ್ದಾಣದ ಹೊರಗೆ ನಿಂತಿದ್ದ ಕೋಚ್‌ನಲ್ಲಿ ನಾವು 46 ಜನ. ಕೆನಡಾ, ಆಸ್ಟ್ರೇಲಿಯಾ, ಅಮೆರಿಕದವರು ಜಾಸ್ತಿ. ನಾವು ಭಾರತದ ಪಾಸ್‌ಪೋರ್ಟಿನವರು 11 ಮಂದಿ. ನಮಗೆ ಸಿಕ್ಕಿದ್ದು ಹಿಂದಿನಿಂದ ಎರಡನೇ ಸಾಲು. ಕಿಟಕಿ ಇರಬೇಕಾದ ಜಾಗದಲ್ಲಿ ಒಂದು ಅಗಲವಾದ ಕಂಬ. ದಿನಾ ಸೀಟು ಬದಲಾಗುತ್ತದೆ ಅಂದಿದ್ದರು, ಯಾರೂ ಏಳಲಿಲ್ಲ. ಮೂರನೇ ದಿನ ಅಕ್ಕನೇ ಮುಂದೆ ಹೋಗಿ, "ನಾನು ಕಂಬಕ್ಕೆ ನಾಲ್ಕು ಲಕ್ಷ ಕೊಟ್ಟಿಲ್ಲಮ್ಮ" ಅಂತ ಗೈಡ್‌ಗೆ ಕನ್ನಡದಲ್ಲೇ ಹೇಳಿದಳು. ಏನರ್ಥವಾಯಿತೋ, ಮಧ್ಯಾಹ್ನದಿಂದ ಸೀಟು ಬದಲಾಯಿತು.

ಇನ್ನು ಬ್ಲಾರ್ನಿ. ಕಾರ್ಕ್ ಹತ್ತಿರದ 15ನೇ ಶತಮಾನದ ಕೋಟೆ. ಕಿರಿದಾದ ಸುರುಳಿ ಮೆಟ್ಟಿಲು ನೂರಕ್ಕೂ ಜಾಸ್ತಿ ಹತ್ತಿ, ಮೇಲೆ ಅಂಗಾತ ಮಲಗಿ, ತಲೆ ಹಿಂದಕ್ಕೆ ಬಾಗಿಸಿ ಒಂದು ಕಲ್ಲಿಗೆ ಮುತ್ತು ಕೊಟ್ಟರೆ ಮಾತಿನ ಚಾತುರ್ಯ ಬರುತ್ತದಂತೆ. ಅಕ್ಕನಿಗೆ ಅದರ ಅಗತ್ಯ ಇಲ್ಲ, ಆದರೂ ಕೋಟೆ ನೋಡುವ ಆಸೆ. ಬ್ರೋಶರ್‌ನಲ್ಲಿ 'ಬ್ಲಾರ್ನಿ ನಿಲುಗಡೆ' ಅಂತ ಇತ್ತು. ಕೋಚ್ ನಿಂತಿದ್ದು ಕೋಟೆ ಪಕ್ಕದ ದೊಡ್ಡ ಉಣ್ಣೆ ಅಂಗಡಿ ಮುಂದೆ. ಒಂದೂಕಾಲು ಗಂಟೆ. ಕೋಟೆಯ ಟಿಕೆಟ್ ಸೇರಿಲ್ಲ, ಬೇಕಿದ್ದರೆ ನೀವೇ ಕೊಂಡು ಓಡಿ ಹೋಗಿ ಬನ್ನಿ ಅಂದರು. ಮೊಣಕಾಲಿನವರು ಎಲ್ಲಿ ಓಡುವುದು? ಅಂಗಡಿಯಲ್ಲಿ ಸ್ವೆಟರ್ ಮುಟ್ಟಿ ಮುಟ್ಟಿ ನೋಡಿದೆವು. ಒಳ್ಳೇ ಸ್ವೆಟರ್, ಸುಳ್ಳು ಹೇಳಬಾರದು.

ಆ ರಾತ್ರಿ ಹೋಟೆಲ್‌ನಲ್ಲಿ ಬ್ರೋಶರ್ ತೆಗೆದು ಒಂದೊಂದೇ ಸಾಲು ಓದಿದೆ. ಆಗ ಗುಟ್ಟು ತಿಳಿಯಿತು. ಜಾಗದ ಹೆಸರೆಲ್ಲ ದಪ್ಪ ಅಕ್ಷರದಲ್ಲಿ. ಅದರ ಪಕ್ಕದ ಕ್ರಿಯಾಪದ ಮಾತ್ರ ಪ್ರತಿ ಸಾಲಿನಲ್ಲೂ ಬೇರೆ. ಕೆಲವು ಕಡೆ 'ಭೇಟಿ'. ಕೆಲವು ಕಡೆ 'ನಿಲುಗಡೆ'. ಕೆಲವು ಕಡೆ 'ಕಾಣುತ್ತೇವೆ'. ಕೆಲವು ಕಡೆ 'ಹಾದು ಹೋಗುತ್ತೇವೆ'. ಇನ್ನು ಕೆಲವು ಕಡೆ 'ಅನುಭವ'. ಟಿಕೆಟ್ ಸೇರಿರುವುದು 'ಭೇಟಿ' ಅಂತ ಇದ್ದ ಕಡೆ ಮಾತ್ರ. ಎಣಿಸಿದೆ. 27 ಜಾಗದಲ್ಲಿ 'ಭೇಟಿ' ಇದ್ದಿದ್ದು ಆರು. ಮಿಕ್ಕಿದ್ದೆಲ್ಲ ಗೋಪುರ ನೋಡಿ ಕೈ ಮುಗಿದು ಬಸ್ ಹತ್ತುವ ಲೆಕ್ಕ. ಬೆಂಗಳೂರಿನ ಏಜೆಂಟ್ ಹುಡುಗ ವಾಟ್ಸಾಪ್‌ನಲ್ಲಿ ಇದಕ್ಕೆಲ್ಲ ಒಂದೇ ಮಾತು ಬಳಸಿದ್ದ: "ದರ್ಶನ ಆಗುತ್ತೆ ಮೇಡಂ."

ಕಿಲಾರ್ನಿ ಹತ್ತಿರದ ಗ್ಯಾಪ್ ಆಫ್ ಡನ್ಲೋ ಕಣಿವೆಯದ್ದೂ ಇದೇ ಕಥೆ. ಫೋಟೋದಲ್ಲಿ ಎರಡು ಬೆಟ್ಟದ ನಡುವೆ ಸಣ್ಣ ರಸ್ತೆ, ಕೆರೆ, ಕಲ್ಲಿನ ಸೇತುವೆ. ಆ ರಸ್ತೆಯಲ್ಲಿ ದೊಡ್ಡ ಕೋಚ್ ಹೋಗುವುದೇ ಇಲ್ಲ. ಕಣಿವೆಯ ಬಾಯಲ್ಲಿ ಕೇಟ್ ಕಿಯರ್ನಿಯ ಕಾಟೇಜ್ ಅಂತ ಒಂದು ಹಳೇ ಪಬ್ ಇದೆ, ಅಲ್ಲಿ ಇಳಿಸುತ್ತಾರೆ. ಮುಂದೆ ನಡೆಯಬೇಕು, ಇಲ್ಲ ಸ್ವಂತ ದುಡ್ಡಿನಲ್ಲಿ ಜಟಕಾ ಮಾಡಬೇಕು. ನಮಗೆ ಕೊಟ್ಟಿದ್ದು 40 ನಿಮಿಷ. ಜಟಕಾದವನ ಹತ್ತಿರ ರೇಟು ಕೇಳುವಷ್ಟರಲ್ಲಿ ಹತ್ತು ನಿಮಿಷ ಹೋಯಿತು. ಇದು ಬ್ರೋಶರ್ ಬರೆಯುವವರಿಗೆ ಗೊತ್ತಿಲ್ಲದ ವಿಷಯವೇ? 49 ಸೀಟಿನ ಗಾಡಿ ಅವರದ್ದೇ ಅಲ್ವಾ?

ರಿಂಗ್ ಆಫ್ ಕೆರಿ ಚೆನ್ನಾಗಿತ್ತು. 179 ಕಿಲೋಮೀಟರ್ ಸುತ್ತು, ಸಮುದ್ರ ಒಂದು ಕಡೆ, ಬೆಟ್ಟ ಒಂದು ಕಡೆ. ವಾಟರ್‌ವಿಲ್ ಊರಲ್ಲಿ ಚಾಪ್ಲಿನ್ ವಿಗ್ರಹ ಇದೆ, ಅವನು ಸಂಸಾರ ಸಮೇತ ರಜೆಗೆ ಬರುತ್ತಿದ್ದ ಊರಂತೆ. ಚಾಲಕ ಒಳ್ಳೆಯವರು, ತಿರುವಿನಲ್ಲಿ ಅಕ್ಕನ ಮುಖ ನೋಡಿ ನಿಧಾನ ಮಾಡುತ್ತಿದ್ದರು. ಆದರೆ ಅವರ ಗಡಿಯಾರ ಅವರ ಕೈಲಿಲ್ಲ. ಯುರೋಪಿನ ನಿಯಮದ ಪ್ರಕಾರ ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ವಿರಾಮ ಕೊಡಲೇಬೇಕು, ದಿನಕ್ಕೆ ಸಾಮಾನ್ಯವಾಗಿ 9 ಗಂಟೆಗಿಂತ ಜಾಸ್ತಿ ಓಡಿಸುವಂತಿಲ್ಲ. ಒಳ್ಳೇ ನಿಯಮ. ತಪ್ಪು ಏನೆಂದರೆ, ದಿನದ ಪಟ್ಟಿಯಲ್ಲಿ ಆರು ಜಾಗ ತುರುಕಿ ಆಮೇಲೆ ಚಾಲಕರ ಗಂಟೆ ಮುಗಿಯುತ್ತದೆ ಅಂತ ಎರಡನ್ನು ಬಿಡುವುದು. ಬಿಟ್ಟಿದ್ದು ಯಾವತ್ತೂ ಅಂಗಡಿಯನ್ನಲ್ಲ ಅನ್ನುವುದನ್ನೂ ಗಮನಿಸಿ.

ಮೋಹರ್ ಬಂಡೆಗಳಲ್ಲಿ ಮಂಜು. 214 ಮೀಟರ್ ಎತ್ತರದ ಕಡಿದಾದ ಬಂಡೆ, ಕೆಳಗೆ ಅಟ್ಲಾಂಟಿಕ್, ನಮಗೆ ಕಂಡಿದ್ದು ಬಿಳಿ ಗೋಡೆ. ಅದಕ್ಕೆ ಯಾರನ್ನೂ ಬೈಯುವುದಿಲ್ಲ.

ಹೋಟೆಲ್ ವಿಷಯ. 'ಗಾಲ್ವೇ ಪ್ರದೇಶ' ಅಂತ ಬರೆದಿದ್ದರು. ಇಳಿದಿದ್ದು ಎನ್ನಿಸ್‌ನಲ್ಲಿ, ಗಾಲ್ವೇ ಅಲ್ಲಿಂದ ಸುಮಾರು 65 ಕಿಲೋಮೀಟರ್. ಇದು ಹೇಗೆಂದರೆ ಚನ್ನಪಟ್ಟಣ ದಾಟಿದ ಮೇಲೆ 'ಬೆಂಗಳೂರು ಪ್ರದೇಶ' ಅಂತ ರೂಮು ಕೊಟ್ಟ ಹಾಗೆ. ಸಂಜೆ ಗಾಲ್ವೇಯ ಬೀದಿಯಲ್ಲಿ ನಡೆದು ಹಾಡು ಕೇಳಬಹುದು ಅಂತ ಇದ್ದೆವು. ಸಿಕ್ಕಿದ್ದು ಮಾರನೇ ದಿನ ದಾರಿಯಲ್ಲಿ 40 ನಿಮಿಷ.

ಆ 40 ನಿಮಿಷ ನಾವು ಅಂಗಡಿಗೆ ಹೋಗಲಿಲ್ಲ. ಅಕ್ಕ ಮದುವೆಯಾಗಿ ಮೂವತ್ತು ವರ್ಷ ಬೆಳಗಾವಿಯಲ್ಲಿದ್ದವಳು. ಗಾಲ್ವೇ ಅಂದರೆ ಅವಳಿಗೆ ಸವಿತಾ ಹಾಲಪ್ಪನವರ್ ಊರು. ಬೆಳಗಾವಿಯಿಂದ ಬಂದ ದಂತವೈದ್ಯೆ, 31 ವರ್ಷ. 2012ರ ಅಕ್ಟೋಬರ್‌ನಲ್ಲಿ ಗರ್ಭ ನಿಲ್ಲುವುದಿಲ್ಲ ಎಂದು ಗೊತ್ತಾದ ಮೇಲೂ ಗರ್ಭಪಾತ ಸಿಗದೆ ನಂಜಾಗಿ ಇಲ್ಲೇ ತೀರಿಕೊಂಡವರು. 2018ರಲ್ಲಿ ಆ ದೇಶದ ಜನ ಮತ ಹಾಕಿ ಕಾನೂನನ್ನೇ ಬದಲಾಯಿಸಿದರು. ಐರ್ ಚೌಕದ ಬೆಂಚಿನ ಮೇಲೆ ಅಕ್ಕ ಸುಮ್ಮನೆ ಕೂತಳು. ಏನಾಯಿತು ಅಂತ ಗೈಡ್ ಬಂದು ಕೇಳಿದರು. ನಾನು ಆ ಹೆಸರು ಹೇಳಿದೆ. ಅವರಿಗೂ ಗೊತ್ತಿತ್ತು. ಕೈಯಲ್ಲಿದ್ದ ಪಟ್ಟಿ ಮಡಚಿ ಪಕ್ಕದಲ್ಲಿ ಕೂತರು. ಅವತ್ತು ಕೋಚ್ ಹತ್ತು ನಿಮಿಷ ತಡವಾಗಿ ಹೊರಟಿತು, ಯಾಕೆ ಅಂತ ಅವರು ಮೈಕಿನಲ್ಲಿ ಯಾರಿಗೂ ಹೇಳಲಿಲ್ಲ. ಇದನ್ನು ಯಾಕೆ ಬರೆಯುತ್ತಿದ್ದೇನೆ ಅಂದರೆ, ನನ್ನ ಜಗಳ ಗೈಡ್ ಜೊತೆಯೂ ಅಲ್ಲ, ಚಾಲಕರ ಜೊತೆಯೂ ಅಲ್ಲ.

ಊಟದ ಬಗ್ಗೆ ಎರಡೇ ಮಾತು. 'ಸಸ್ಯಾಹಾರ ಲಭ್ಯ' ಅಂದರೆ ಎಂಟು ರಾತ್ರಿಯಲ್ಲಿ ಐದು ರಾತ್ರಿ ಅಣಬೆ ರಿಸೊಟ್ಟೊ ಅನ್ನುವ ಇಟಲಿಯ ಅನ್ನ. ತರಕಾರಿ ಸೂಪ್ ಅಂದರೂ ಅದನ್ನು ಯಾವ ನೀರಿನಲ್ಲಿ ಕುದಿಸಿದ್ದಾರೆ ಅಂತ ಕೇಳಿ. ಎರಡು ಕಡೆ ಕೋಳಿ ಬೇಯಿಸಿದ ನೀರು ಅಂತ ಗೊತ್ತಾಗಿದ್ದು ಅರ್ಧ ಕುಡಿದ ಮೇಲೆ. ಚಟ್ನಿಪುಡಿ, ಅವಲಕ್ಕಿ ಒಯ್ಯಿರಿ. ತುಪ್ಪ ಬೇಡ, ಹೊರದೇಶದಿಂದ ಹಾಲಿನ ಪದಾರ್ಥ ತರಲು ಐರೋಪ್ಯ ಒಕ್ಕೂಟದಲ್ಲಿ ಬಿಡುವುದಿಲ್ಲ.

ಈಗ ನಿಜವಾದ ಪೆಟ್ಟು. ಎಂಟನೇ ದಿನ ಜೈಂಟ್ಸ್ ಕಾಸ್‌ವೇ ಮತ್ತು ಬೆಲ್‌ಫಾಸ್ಟ್. ಇಡೀ ಟೂರ್‌ನಲ್ಲಿ ನಾನು ಕಾದಿದ್ದೇ ಅದಕ್ಕೆ. ಜ್ವಾಲಾಮುಖಿಯ ಲಾವಾ ಆರಿ ಬಿರುಕು ಬಿಟ್ಟು, ಸುಮಾರು 40,000 ಕಲ್ಲಿನ ಕಂಬ, ಹೆಚ್ಚಿನವು ಆರು ಮೂಲೆ, ಸಮುದ್ರಕ್ಕೆ ಮೆಟ್ಟಿಲು ಕಟ್ಟಿದ ಹಾಗೆ. ನಮ್ಮ ಉಡುಪಿ ಹತ್ತಿರದ ಸೇಂಟ್ ಮೇರೀಸ್ ದ್ವೀಪದ ಕಂಬಗಳ ದೊಡ್ಡಣ್ಣ ಅನ್ನಿ. ಹಿಂದಿನ ರಾತ್ರಿ ಗೈಡ್ ಪಾಸ್‌ಪೋರ್ಟ್ ನೋಡಬೇಕು ಅಂದರು. ನಮ್ಮ ವೀಸಾ ಸ್ಟಿಕ್ಕರ್ ಮೇಲೆ ಬೆರಳಾಡಿಸಿದರು. ಇನ್ನೊಂದು ಸಲ ಆಡಿಸಿದರು. ಹೊರಗೆ ಹೋಗಿ ಫೋನ್ ಮಾಡಿ ಬಂದರು. "ನಾಳೆ ನೀವು ಬರುವ ಹಾಗಿಲ್ಲ."

ವಿಷಯ ಇಷ್ಟು. ಕಾಸ್‌ವೇ ಇರುವುದು ಉತ್ತರ ಐರ್ಲೆಂಡಿನಲ್ಲಿ. ಅದು ಬ್ರಿಟನ್ನಿಗೆ ಸೇರಿದ್ದು, ಬೇರೆ ದೇಶ, ಪೌಂಡು. ಐರ್ಲೆಂಡ್ ವೀಸಾ ಇದ್ದ ಮಾತ್ರಕ್ಕೆ ಅಲ್ಲಿ ನಡೆಯುವುದಿಲ್ಲ. ಯುರೋಪಿನ ಬಹಳಷ್ಟು ದೇಶಕ್ಕೆ ಒಟ್ಟಿಗೆ ನಡೆಯುವ ಷೆಂಗೆನ್ ವೀಸಾ ಇವೆರಡರಲ್ಲಿ ಎಲ್ಲಿಯೂ ನಡೆಯುವುದಿಲ್ಲ. ಆದರೆ ಭಾರತೀಯರಿಗೆ ಅಂತ ಬ್ರಿಟಿಷ್-ಐರಿಷ್ ವೀಸಾ ಯೋಜನೆ ಇದೆ. ಸ್ಟಿಕ್ಕರ್ ಮೇಲೆ 'ಬಿಐವಿಎಸ್' ಅಂತ ನಾಲ್ಕು ಇಂಗ್ಲಿಷ್ ಅಕ್ಷರ ಇದ್ದರೆ ಒಂದೇ ವೀಸಾದಲ್ಲಿ ಎರಡೂ ಕಡೆ ಹೋಗಬಹುದು, ವೀಸಾ ಕೊಟ್ಟ ದೇಶಕ್ಕೆ ಮೊದಲು ಕಾಲಿಡಬೇಕು ಅಷ್ಟೇ. ನಮ್ಮ ಸ್ಟಿಕ್ಕರ್‌ನಲ್ಲಿ ಆ ನಾಲ್ಕು ಅಕ್ಷರ ಇರಲಿಲ್ಲ. 11 ಜನರಲ್ಲಿ ಆರು ಜನರದ್ದು ಅದೇ ಪಾಡು. ಅರ್ಜಿ ತುಂಬಿದವನು ಏಜೆಂಟ್ ಹುಡುಗ. ವೀಸಾ ಬಂದ ಮೇಲೆ ಅದನ್ನು ಓದಿ ನೋಡಿದವನು ಅವನಲ್ಲ. ನಿಜ ಹೇಳಬೇಕೆಂದರೆ ನಾವೂ ಅಲ್ಲ.

ಗುಂಪಿನಲ್ಲಿ ಒಬ್ಬರು, "ಯಾರೂ ಚೆಕ್ ಮಾಡಲ್ಲ, ಸುಮ್ನೆ ಬನ್ನಿ" ಅಂದರು. ಚೆಕ್ ಮಾಡುವುದಿಲ್ಲ ಅನ್ನುವುದು ನಿಜವೇ. ಗಡಿಯಲ್ಲಿ ಗೇಟಿಲ್ಲ, ಪೊಲೀಸರ ಚೌಕಿ ಇಲ್ಲ. ರಸ್ತೆ ಅಂಚಿನ ಹಳದಿ ಗೆರೆ ಬಿಳಿಯಾಗುತ್ತದೆ, ಫಲಕದಲ್ಲಿ ಕಿಲೋಮೀಟರ್ ಹೋಗಿ ಮೈಲಿ ಬರುತ್ತದೆ, ಅಷ್ಟೇ ಗುರುತಂತೆ. ಆದರೆ ವೀಸಾ ಇಲ್ಲದೆ ದಾಟಿದರೆ ಕಾನೂನು ಪ್ರಕಾರ ತಪ್ಪೇ. ಮುಂದೆ ಯಾವತ್ತೋ ವೀಸಾ ಕೇಳಲು ಹೋದಾಗ ಅದು ಕಾಲಿಗೆ ತೊಡರಬಹುದು. ಅಕ್ಕ ಒಂದೇ ಮಾತಿನಲ್ಲಿ ಮುಗಿಸಿದಳು: "ಗೇಟಿಲ್ಲ ಅಂತ ಬೇರೆಯವರ ಮನೆಗೆ ನುಗ್ಗಕ್ಕಾಗುತ್ತೇನೇ?"

ಬೆಳಿಗ್ಗೆ ಕೋಚ್ ಹೋಯಿತು. ನಾವು ಉಳಿದೆವು. ಬದಲಿ ವ್ಯವಸ್ಥೆ ಏನೂ ಇಲ್ಲ. ನಾವಿದ್ದ 'ಡಬ್ಲಿನ್ ಹೋಟೆಲ್' ಹೆದ್ದಾರಿ ಪಕ್ಕದ್ದು, ಊರಿಗೆ ಸಿಟಿ ಬಸ್ಸಿನಲ್ಲಿ ಹೋಗಬೇಕು. ಹೋದೆವು. ಕಿಲ್ಡೇರ್ ಬೀದಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಪ್ರವೇಶ ಉಚಿತ, ನಮ್ಮ ಪರಂಪರೆ ಟೂರ್‌ನ ಪಟ್ಟಿಯಲ್ಲಿ ಅದರ ಹೆಸರೇ ಇರಲಿಲ್ಲ. ಜೌಗು ನೆಲದಲ್ಲಿ ಎರಡು ಸಾವಿರ ವರ್ಷಕ್ಕೂ ಜಾಸ್ತಿ ಕೊಳೆಯದೆ ಉಳಿದ ಮನುಷ್ಯರ ದೇಹ ಅಲ್ಲಿವೆ. ಓಲ್ಡ್ ಕ್ರೋಘನ್ ಅನ್ನುವ ಕಡೆ ಸಿಕ್ಕಿದವನಿಗೆ ತಲೆಯಿಲ್ಲ, ಸೊಂಟದ ಕೆಳಗೆ ಏನೂ ಇಲ್ಲ. ಕೈ ಮಾತ್ರ ಹಾಗೇ ಇದೆ. ಚರ್ಮದ ಗೆರೆ, ಉಗುರು, ಉಗುರಿನ ಸುತ್ತಿನ ಮಡಿಕೆ, ತೋಳಿಗೆ ಕಟ್ಟಿದ ತೊಗಲಿನ ಪಟ್ಟಿ. "ಹೊಲ ಉತ್ತ ಕೈ ಅಲ್ಲ ಇದು, ಉಗುರು ನೋಡೇ" ಅಂದಳು ಅಕ್ಕ. ಪಕ್ಕದ ಫಲಕದಲ್ಲೂ ಹೆಚ್ಚುಕಡಿಮೆ ಅದೇ ಬರೆದಿತ್ತು. ಆ ಕೈ ಮುಂದೆ ಇಪ್ಪತ್ತು ನಿಮಿಷ ನಿಂತೆವು. ಯಾರೂ ಗಂಟೆ ನೋಡಿ ಕರೆಯಲಿಲ್ಲ.

ಕೊನೇ ದಿನ ನ್ಯೂಗ್ರೇಂಜ್. ಗೀಜಾ ಪಿರಮಿಡ್ಡಿಗಿಂತ ಹಳೆಯದು, ಕ್ರಿ.ಪೂ. 3200ರ ಸುಮಾರಿನದು. ಡಿಸೆಂಬರ್‌ನಲ್ಲಿ ವರ್ಷದ ಅತಿ ಚಿಕ್ಕ ಹಗಲಿನ ಬೆಳಗ್ಗೆ ಸೂರ್ಯನ ಕಿರಣ ಒಳಕೋಣೆಯವರೆಗೆ ಬೀಳುವ ಸಮಾಧಿ ದಿಬ್ಬ. ನಮ್ಮದು 'ನ್ಯೂಗ್ರೇಂಜ್ ಅನುಭವ'. ಅಂದರೆ ನದಿಯ ಈಚೆ ದಡದ ಪ್ರದರ್ಶನ ಕೇಂದ್ರ. ದಿಬ್ಬದ ಒಳಗೆ ಹೋಗಲು ಆ ಕೇಂದ್ರದಿಂದಲೇ, ಅವರದೇ ಬಸ್ಸಿನಲ್ಲಿ, ಸಣ್ಣ ಗುಂಪಾಗಿ ಹೋಗಬೇಕು. ಟಿಕೆಟ್ ಮೊದಲೇ ಕಾದಿರಿಸಬೇಕು. 46 ಜನಕ್ಕೆ ಯಾರೂ ಕಾದಿರಿಸಿರಲಿಲ್ಲ. ಹೊರಡುವ ಮುಂಚೆ ಗೈಡ್ ಮತ್ತು ಚಾಲಕರಿಗೆ ಅಂತ ಒಂದು ಲಕೋಟೆ ಬಂತು, ದಿನಕ್ಕೆ ತಲಾ 8 ಯೂರೋ ಅಂತ ಮೊದಲೇ ಬರೆದಿತ್ತು. ಅದೂ 3,90,000ದಲ್ಲಿ ಸೇರಿಲ್ಲ.

ವಾಪಸ್ ಬಂದ ಮೇಲೆ ಎಲ್ಲವನ್ನೂ ಇಮೇಲ್‌ನಲ್ಲಿ ಬರೆದೆ. ಫೋನಿನಲ್ಲಿ ಮಾತಾಡಬೇಡಿ, ಫೋನಿನಲ್ಲಿ ಎಲ್ಲರೂ ಸಿಹಿ. ಬಂದ ಉತ್ತರ: ಮುಂದಿನ ಟೂರ್‌ಗೆ ತಲಾ 12,000 ರೂಪಾಯಿ ರಿಯಾಯಿತಿ ಕೂಪನ್. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟೆ, ಕೂಪನ್ 20,000 ಆಯಿತು. ಈಗ ಜಿಲ್ಲಾ ಗ್ರಾಹಕ ಆಯೋಗದಲ್ಲಿದೆ. ನಾವಿರುವ ಊರಲ್ಲೇ ಹಾಕಬಹುದು, ಎರಡು ವರ್ಷದೊಳಗೆ ಹಾಕಬೇಕು. ಇಬ್ಬರದೂ ಸೇರಿ 7,80,000 ರೂಪಾಯಿಗೆ ಶುಲ್ಕ 200. ಬ್ರೋಶರ್‌ನ ಪ್ರತಿ, ವಾಟ್ಸಾಪ್‌ನ 'ದರ್ಶನ ಆಗುತ್ತೆ ಮೇಡಂ', ವೀಸಾ ಸ್ಟಿಕ್ಕರ್ ಫೋಟೋ ಎಲ್ಲ ಇಟ್ಟಿದ್ದೇನೆ. ಅಂದ ಹಾಗೆ, ಟೂರ್ ದುಡ್ಡಿನ ಜೊತೆ ಟಿಸಿಎಸ್ ಅಂತ, ಅಂದರೆ ಮೊದಲೇ ವಸೂಲಿ ಮಾಡುವ ಆದಾಯ ತೆರಿಗೆ, ಹಿಡಿದಿರುತ್ತಾರೆ. ಅದರ ಸರ್ಟಿಫಿಕೇಟ್ ಕೇಳಿ ತೆಗೆದುಕೊಳ್ಳಿ, ತೆರಿಗೆ ರಿಟರ್ನ್ಸ್‌ನಲ್ಲಿ ತೋರಿಸಿಕೊಳ್ಳಬಹುದು. ನಮಗೆ ಅದನ್ನೂ ಮೂರು ಸಲ ಕೇಳಿದ ಮೇಲೆ ಕೊಟ್ಟರು.

ಮೊನ್ನೆ ಅದೇ ಏಜೆಂಟ್ ಹುಡುಗನಿಂದ ಅಕ್ಕನಿಗೆ ವಾಟ್ಸಾಪ್ ಬಂತು. ಸ್ಕಾಟ್‌ಲೆಂಡ್ ಲಕ್ಷುರಿ ಕೋಚ್, ಎಡಿನ್‌ಬರ್ಗ್ ಕೋಟೆ ದರ್ಶನ, ಕೂಪನ್ ಬಳಸಿಕೊಳ್ಳಿ ಮೇಡಂ. ಅಕ್ಕ ಕನ್ನಡಕ ಹಾಕಿಕೊಂಡು ಒಂದೊಂದೇ ಅಕ್ಷರ ಒತ್ತಿ ಕಳಿಸಿದಳು: "ಒಳಗೋ ಹೊರಗೋ?"

ನೀಲಿ ಟಿಕ್ ಬಂದು ನಾಲ್ಕು ದಿನ ಆಯಿತು.