ಹಿಂದಿನಿಂದ ಟೀಮ್ ಕಟ್ಟುವುದು: ಲಿವರ್‌ಪೂಲ್, ಯುವೆಂಟಸ್, ಲೆಸ್ಟರ್ ಮೂರು ದಾರಿಯನ್ನೂ ಆಡಿ ನೋಡಿದ್ದು

ಬೆಂಗಳೂರಿನ ಒಂದು ವಾರಾಂತ್ಯದ ಫುಟ್‌ಬಾಲ್ ಲೀಗಿನಲ್ಲಿ ನಮ್ಮ ಟೀಮ್ ಆಡುತ್ತದೆ. ಪೂರ್ತಿ ಮೈದಾನ, ಹನ್ನೊಂದು ಜನ. ಯಾರನ್ನು ಸೇರಿಸಬೇಕು, ಯಾರನ್ನು ಕೂರಿಸಬೇಕು ಅನ್ನುವ ತಲೆನೋವು ನನ್ನದು. ಗೋಲು ಹೊಡೆಯುವವರು ನಮ್ಮಲ್ಲಿ ಮೊದಲಿಂದಲೂ ಇದ್ದಾರೆ. ಆದರೆ ನಾಲ್ಕು ಹೊಡೆದು ಐದು ಬಿಟ್ಟುಕೊಟ್ಟರೆ ಏನು ಬಂತು? ಅದಕ್ಕೇ ಡಿಫೆನ್ಸ್‌ನಿಂದ ಶುರು ಮಾಡೋಣ ಅಂತ ಹೊರಟೆವು. ಕಣ್ಣ ಮುಂದೆ ಮೂರು ಚಾಂಪಿಯನ್ ಟೀಮುಗಳಿದ್ದವು: ಇಂಗ್ಲೆಂಡಿನ ಲಿವರ್‌ಪೂಲ್, ಲೆಸ್ಟರ್, ಇಟಲಿಯ ಯುವೆಂಟಸ್. ಒಂದೊಂದು ಸೀಸನ್‌ಗೆ ಒಂದೊಂದರ ದಾರಿ ಹಿಡಿದೆವು.

2018-20ರ ಲಿವರ್‌ಪೂಲ್ ಆಟ ಕಣ್ಣಿಗೆ ಹಬ್ಬ. ಬ್ಯಾಕ್‌ಗಳು, ಅಂದರೆ ಡಿಫೆಂಡರ್‌ಗಳು, ಮೈದಾನದ ಅರ್ಧ ಗೆರೆಯ ಹತ್ತಿರವೇ ನಿಲ್ಲುತ್ತಿದ್ದರು, ಎದುರಾಳಿಗೆ ಬಾಲ್ ಹಿಡಿದು ಯೋಚಿಸಲು ಪುರುಸೊತ್ತೇ ಇರುತ್ತಿರಲಿಲ್ಲ. ಆದರೆ ಅವರ ಬೆನ್ನ ಹಿಂದೆ ದೊಡ್ಡ ಬಯಲು. ಅದನ್ನು ಕಾಯಲು ಓಡಬಲ್ಲ ಸ್ಟಾಪರ್ (ಡಿಫೆನ್ಸ್‌ನ ಮಧ್ಯದಲ್ಲಿ ನಿಲ್ಲುವವನು) ಬೇಕು, ಬಾಕ್ಸ್ (ಗೋಲಿನ ಮುಂದಿನ ಚೌಕ) ಬಿಟ್ಟು ಹೊರಗೆ ಬರುವ ಧೈರ್ಯದ ಕೀಪರ್ ಬೇಕು. ಲಿವರ್‌ಪೂಲ್ 2018ರ ಜನವರಿಯಲ್ಲಿ ಸ್ಟಾಪರ್ ವಾನ್ ಡೈಕ್‌ಗೆ 7.5 ಕೋಟಿ ಪೌಂಡ್ ಸುರಿದದ್ದು ಸುಮ್ನೆ ಅಲ್ಲ. ಅದೇ ವರ್ಷ ಕೀಪರ್ ಅಲಿಸನ್ ಬಂದ. ಲೀಗಿನಲ್ಲಿ 2017-18ರಲ್ಲಿ 38 ಗೋಲು ಬಿಟ್ಟಿದ್ದ ಟೀಮ್ ಮರುವರ್ಷ ಬಿಟ್ಟದ್ದು 22. 2019-20ರಲ್ಲಿ 99 ಪಾಯಿಂಟ್ ಗಳಿಸಿ ಚಾಂಪಿಯನ್ ಆಯಿತು.

ನಮ್ಮ ಕೀಪರ್ ಗೋಲು ಗೆರೆಯ ಮೇಲೆ ಹುಲಿ. ಗೆರೆ ಬಿಟ್ಟರೆ ಮಾತ್ರ ಬೇರೆ ಮನುಷ್ಯ. ಎದುರಿನ ಮಿಡ್‌ಫೀಲ್ಡರ್ ತಲೆ ಎತ್ತಿ ಒಂದು ಉದ್ದ ಬಾಲ್ ಹಾಕಿದರೆ ಸಾಕು. ನಮ್ಮ ಸ್ಟಾಪರ್ ತಿರುಗುವಷ್ಟರಲ್ಲಿ ಅವರ ವಿಂಗರ್ ದಾಟಿರುತ್ತಿದ್ದ. ಕೀಪರ್ ಎರಡು ಹೆಜ್ಜೆ ಮುಂದೆ ಬರುತ್ತಿದ್ದ, ಆಮೇಲೆ ಒಂದು ಹೆಜ್ಜೆ ಹಿಂದೆ. ಆ ಹಿಂದಿನ ಹೆಜ್ಜೆಗೇ ಗೋಲು ಬೀಳುತ್ತಿತ್ತು. ಓಡುವ ಸ್ಟಾಪರ್, ಹೊರಗೆ ಬರುವ ಕೀಪರ್ ಇಬ್ಬರೂ ಒಟ್ಟಿಗೆ ಸಿಗದಿದ್ದರೆ ಈ ದಾರಿಯ ಆಸೆ ಬಿಡಿ. ಒಬ್ಬ ಸಿಕ್ಕರೆ ಅರ್ಧ ಲಾಭವೂ ಇಲ್ಲ.

ಯುವೆಂಟಸ್ ದಾರಿ ಅಗ್ಗ. ಸ್ಟಾಪರ್ ಬಾರ್ಜಾಲಿಯನ್ನು ಅವರು 2011ರ ಜನವರಿಯಲ್ಲಿ ತಂದದ್ದು ಬರೀ 3 ಲಕ್ಷ ಯೂರೋಗೆ. ಕೋಚ್ ಕೊಂತೆ 2011-12ರ ಸೀಸನ್ ನಡುವೆ ಬೊನುಚ್ಚಿ, ಕಿಯೆಲ್ಲಿನಿ ಜೊತೆ ಅವನನ್ನು ಸೇರಿಸಿ ಮೂವರ ಸಾಲು ಮಾಡಿದ. ಆ ಸೀಸನ್ ಲೀಗಿನ 38 ಪಂದ್ಯಗಳಲ್ಲಿ ಒಂದೂ ಸೋಲಲಿಲ್ಲ, ಬಿಟ್ಟದ್ದು 20 ಗೋಲು. ಮೂವರು ಸ್ಟಾಪರ್‌ಗಳು ನಮಗೂ ಸಿಕ್ಕರು. ಕೈಕೊಟ್ಟದ್ದು ಎರಡು ಅಂಚು. ಅಲ್ಲಿ ಯುವೆಂಟಸ್‌ನ ಲಿಚ್‌ಸ್ಟೈನರ್ ಥರ ತೊಂಬತ್ತು ನಿಮಿಷ ಮೇಲೆ ಕೆಳಗೆ ಓಡುವವನು ಬೇಕು. ವಾರವಿಡೀ ಕುರ್ಚಿಯಲ್ಲಿ ಕೂತು ಬರುವ ನಮ್ಮವರು ಎರಡನೇ ಹಾಫ್‌ನಲ್ಲಿ ಮೊಣಕಾಲ ಮೇಲೆ ಕೈ ಇಟ್ಟು ನಿಲ್ಲುತ್ತಿದ್ದರು. ಆಗ ಅಂಚಿನ ಇಬ್ಬರೂ ಹಿಂದೆಯೇ ಉಳಿದು ಮೂವರ ಸಾಲು ಐವರ ಸಾಲಾಗುತ್ತದೆ, ಬಾಲ್ ನಮ್ಮ ಅರ್ಧ ಬಿಟ್ಟು ಹೋಗುವುದೇ ಇಲ್ಲ. ಸೋಲು ಕಡಿಮೆಯಾದದ್ದು ನಿಜ, ಡ್ರಾ ಜಾಸ್ತಿ ಆಯಿತು. ಯುವೆಂಟಸ್‌ಗೇ ಆ ವರ್ಷ 15 ಡ್ರಾ, ನಮ್ಮದೇನು ಬಿಡಿ.

ಉಳಿದದ್ದು 2015-16ರ ಲೆಸ್ಟರ್. ನನ್ನ ಓಟು ಇದಕ್ಕೇ. ಅವರ ಸ್ಟಾಪರ್‌ಗಳು ಮೋರ್ಗನ್, ಹುತ್ ಇಬ್ಬರೂ ಓಟಗಾರರಲ್ಲ. ಬಾಕ್ಸ್ ಹತ್ತಿರವೇ ನಿಂತು ಬಂದದ್ದನ್ನೆಲ್ಲ ತಲೆಯಿಂದ ಹೊರಗೆ ಕಳಿಸುವವರು. ಅವರ ಮುಂದೆ ಓಡಲು ಮಿಡ್‌ಫೀಲ್ಡರ್ ಕಾಂಟೆ ಇದ್ದ. ಆ ಟೀಮೂ ಶುರುವಿನಲ್ಲಿ ಗೋಲು ಬಿಡುತ್ತಲೇ ಇತ್ತು. ಗೋಲು ಬಿಡದೆ ಒಂದು ಪಂದ್ಯ ಆಡಿದರೆ ಪಿಜ್ಜಾ ಕೊಡಿಸುತ್ತೇನೆ ಅಂತ ಕೋಚ್ ರಾನಿಯೇರಿ ಆಸೆ ಹಚ್ಚಿದ. ಆ ಪಿಜ್ಜಾ ದಕ್ಕಿದ್ದು ಅಕ್ಟೋಬರ್ ಕೊನೆಯಲ್ಲಿ, ಕ್ರಿಸ್ಟಲ್ ಪ್ಯಾಲೆಸ್ ಮೇಲೆ 1-0 ಗೆದ್ದಾಗ.

ನಮಗೆ ಕಾಂಟೆ ಸ್ಥಾನಕ್ಕೆ ಸಿಕ್ಕವನು ಕಾಲೇಜಿನಲ್ಲಿ 1500 ಮೀಟರ್ ಓಡುತ್ತಿದ್ದ ಸಣಕಲು ಹುಡುಗ. ಡ್ರಿಬಲ್ ಬರುವುದಿಲ್ಲ, ಶಾಟ್ ಅಂತೂ ಕೇಳಬೇಡಿ. ಅವನಿಗೆ ಹೇಳಿದ್ದು ಇಷ್ಟೇ: ಬಾಲ್ ಕಿತ್ಕೋ, ಹತ್ತಿರದವನಿಗೆ ಕೊಡು, ಮತ್ತೆ ಸ್ಟಾಪರ್ ಮುಂದೆ ಬಂದು ನಿಲ್ಲು. ಹಿಂದಿನ ಇಬ್ಬರು ನಿಧಾನಸ್ಥರ ಆಯಸ್ಸೇ ಹೆಚ್ಚಾಯಿತು. ಹೊಸ ಸ್ಟಾಪರ್ ಹುಡುಕುವ ಮುಂಚೆ ಇಂಥವನನ್ನು ಹುಡುಕಿ.

ಇನ್ನೊಂದು ವಿಷಯ ಆಡುತ್ತಾ ತಿಳಿಯಿತು. ಡಿಫೆನ್ಸ್ ಯಾವುದು ಅಂತ ತೀರ್ಮಾನವಾದ ಕ್ಷಣವೇ ಫಾರ್ವರ್ಡ್ ಯಾರು ಅನ್ನುವುದೂ ತೀರ್ಮಾನವಾಗುತ್ತದೆ. ಅಷ್ಟು ಹಿಂದೆ ನಿಂತು ಆಡಿದರೆ ಬಾಲ್ ಸಿಗುವುದು ಗೋಲಿನಿಂದ ಬಹಳ ದೂರದಲ್ಲಿ. ಅಲ್ಲಿಂದ ಒಬ್ಬನೇ ಓಡಿ ಮುಟ್ಟಬೇಕು. ಅದಕ್ಕೆ ಲೆಸ್ಟರ್‌ಗೆ ಫಾರ್ವರ್ಡ್ ವಾರ್ಡಿ ಇದ್ದ, 24 ಗೋಲು ಹೊಡೆದ. ನಮ್ಮಲ್ಲಿ ಅತಿ ಹೆಚ್ಚು ಗೋಲು ಹೊಡೆಯುತ್ತಿದ್ದವನು ಬಾಕ್ಸ್‌ನಲ್ಲೇ ಕಾಯುವ ಗಟ್ಟಿಗ. ಅವನನ್ನು ಕೂರಿಸಿ ವಿಂಗಿನ ಹುಡುಗನನ್ನು ಮಧ್ಯಕ್ಕೆ ತಂದೆವು. ಆ ಗಟ್ಟಿಗ ಎರಡು ವಾರ ಮಾತು ಬಿಟ್ಟ, ಪಾಪ. ಈಗ ಕಾರ್ನರ್‌ಗಳು ಜಾಸ್ತಿ ಸಿಗುವ ಪಂದ್ಯಗಳಲ್ಲಿ ಕೊನೆಯ ಇಪ್ಪತ್ತು ನಿಮಿಷಕ್ಕೆ ಇಳಿಯುತ್ತಾನೆ.

ಕಾರ್ನರ್ ಅಂದರೆ ನೆನಪಾಯಿತು, ಸ್ಟಾಪರ್‌ಗಳನ್ನು ಮೇಲಕ್ಕೆ ಕಳಿಸಲು ಜಿಪುಣತನ ಮಾಡಬೇಡಿ. 2019ರ ಮಾರ್ಚ್‌ನಲ್ಲಿ ನಮ್ಮ ಬೆಂಗಳೂರು ಎಫ್‌ಸಿ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್‌ನಲ್ಲಿ ಎಫ್‌ಸಿ ಗೋವಾವನ್ನು ಸೋಲಿಸಿದ್ದು ಎಕ್ಸ್‌ಟ್ರಾ ಟೈಮಿನ ಒಂದೇ ಗೋಲಿನಿಂದ. ಕಾರ್ನರ್‌ಗೆ ತಲೆ ಕೊಟ್ಟವನು ಡಿಫೆಂಡರ್ ರಾಹುಲ್ ಭೇಕೆ. ಆ ಸೀಸನ್‌ನಲ್ಲಿ ಗೋವಾದ ಕೊರೊ ಗೋಲು ಹೊಡೆಯುವುದರಲ್ಲಿ ಎಲ್ಲರಿಗಿಂತ ಮುಂದಿದ್ದ. ಆ ರಾತ್ರಿ ಅವನಿಗೆ ಒಂದೂ ಸಿಗಲಿಲ್ಲ ಅಲ್ವಾ?