ಕಚೇರಿಯ ಹಿರಿಯರೋ, ಹೊರಗಿನ ಮಾರ್ಗದರ್ಶಕರೋ?

ಹುಬ್ಬಳ್ಳಿ, ಬೆಳಗಾವಿಗಳಿಂದ ಪುಣೆಗೆ ಬಂದು ಹಿಂಜೆವಾಡಿಯಲ್ಲಿ ಕೆಲಸಕ್ಕೆ ಸೇರುವ ತರುಣರು ಕೇಳುವ ಪ್ರಶ್ನೆ ಇದು: ಯಾರ ಕೈ ಹಿಡಿದು ಬೆಳೆಯಬೇಕು?

ಕಚೇರಿಯ ಹಿರಿಯರಿಂದ ಕೆಲಸದ ಮಟ್ಟಿಗೆ ಲಾಭ ಬೇಗ ಸಿಗುತ್ತದೆ. ನಿಮ್ಮ ತಪ್ಪು ಅವರ ಕಣ್ಣಿಗೆ ಅಂದೇ ಬೀಳುತ್ತದೆ, ತಿದ್ದುವುದೂ ಅಂದೇ. ಆದರೆ ಬಡ್ತಿ ಕೊಡಿಸುವವರೂ ಅವರೇ ಆಗಿದ್ದರೆ, 'ನನಗೆ ಇದು ತಿಳಿಯದು' ಎನ್ನಲು ನಾಲಿಗೆ ತಡವರಿಸುತ್ತದೆ.

ಹೊರಗಿನವರ ಮುಂದೆ ಆ ಅಳುಕಿಲ್ಲ. ನನಗೆ ಸಿಕ್ಕವರು ಕೋಥ್ರೂಡಿನ ಒಬ್ಬ ನಿವೃತ್ತ ಎಂಜಿನಿಯರ್, ಧಾರವಾಡದ ಕಡೆಯವರು. ನಾನು ರಾಜೀನಾಮೆ ಪತ್ರ ಬರೆದು ಒಯ್ದ ಭಾನುವಾರ ಅವರು ಅದನ್ನು ಎರಡು ಸಲ ಓದಿ, ಮಡಚಿ, ಚಹಾದ ಬಸಿಯ ಕೆಳಗಿಟ್ಟರು. "ಇದರಲ್ಲಿ ಸಿಟ್ಟು ಎಷ್ಟು, ಕಾರಣ ಎಷ್ಟು? ಬೇರೆ ಮಾಡಿ ಬರೆದುಕೊಂಡು ಬಾ ತಮ್ಮಾ" ಎಂದರು. ಬೇರೆ ಮಾಡಿದಾಗ ಕಾರಣ ಒಂದೇ ಸಾಲಿಗೆ ಮುಗಿಯಿತು. ಅಂಥ ಪ್ರಶ್ನೆಯನ್ನು ನನಗೆ ಬೇರೆ ಯಾರೂ ಕೇಳಿರಲಿಲ್ಲ. ಕೊರತೆಯೆಂದರೆ, ನಿಮ್ಮ ದಿನದ ಕೆಲಸ ಅವರಿಗೆ ಕಾಣದು. ನೀವು ಹೇಳಿದಷ್ಟೇ ಗೊತ್ತು.

ಹುಡುಕಾಟಕ್ಕೆ ಬೇಸರಪಡಬೇಡಿ. ಗದಗ ಸೀಮೆಯ ಭೀಮಸೇನ ಜೋಶಿ 1933ರಲ್ಲಿ, 11ನೆಯ ವಯಸ್ಸಿನಲ್ಲೇ, ಗುರುವನ್ನು ಅರಸಿ ಮನೆ ಬಿಟ್ಟು ಉತ್ತರದಲ್ಲೆಲ್ಲ ಅಲೆದರು. ಕೊನೆಗೆ ಸಿಕ್ಕ ಸವಾಯಿ ಗಂಧರ್ವರು ಇದ್ದದ್ದು ಊರಿಗೆ ಹತ್ತಿರದ ಕುಂದಗೋಳದಲ್ಲಿ. ಅವರ ನೆನಪಿನಲ್ಲಿ 1953ರಲ್ಲಿ ಆರಂಭವಾದ ಸಂಗೀತೋತ್ಸವ ಇಂದಿಗೂ ಪುಣೆಯಲ್ಲೇ ನಡೆಯುತ್ತದೆ.

ಹೊಸಬರು ಮೊದಲ ವರ್ಷ ಕಚೇರಿಯವರನ್ನೇ ಹಿಡಿಯಿರಿ. ಆಮೇಲೆ ಒಬ್ಬರನ್ನೇ ಆರಿಸಬೇಕಾದರೆ ನನ್ನ ಮತ ಹೊರಗಿನವರಿಗೆ.